ಮುತ್ತಜ್ಜಿಗೆ ಎರಡು ಹೆಸರು

ಎ. ಕೆ. ರಾಮಾನುಜನ್ ಬೆಳೆದದ್ದು ಮೈಸೂರಿನಲ್ಲಿ. ಮನೆಯ ಕೆಳಗೆ ತಾಯಿಯ ಜೊತೆ ತಮಿಳು, ಮಹಡಿಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಜೊತೆ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ಮುಂದೆ ಸುಮಾರು ಮೂವತ್ತು ವರ್ಷ ಅವರು ಷಿಕಾಗೋದಲ್ಲಿ ಪಾಠ ಹೇಳಿದರು. ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬಂದಾಗಲೂ ಅಲ್ಲೇ ಇದ್ದರು. ಮದುವೆಯಾಗಿ ಅದೇ ಊರಿಗೆ ಬಂದ ನನಗೆ ಅವರ ಕವಿತೆಗಳಿಗಿಂತ ಅವರು ಕೂಡಿಟ್ಟ ಜನಪದ ಕಥೆಗಳೇ ಹೆಚ್ಚು ಹತ್ತಿರ. ಅದರಲ್ಲೂ ಈ ಕನ್ನಡ ಕಥೆ.

ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಕಟ್ಟಿದ ಅವು, ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಜಾರಿದವು. ಕಥೆ ಒಂದು ಜೊತೆ ಜೋಡಾಯಿತು, ಹಾಡು ಗಂಡಸಿನ ಕೋಟಾಯಿತು. ಮನೆಗೆ ಬಂದ ಗಂಡ ಇವು ಯಾರವು ಎಂದು ಜಗಳ ತೆಗೆದ. ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಿದ. ರಾತ್ರಿ ಆರಿದ ದೀಪಗಳ ಕುಡಿಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತವಂತೆ. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನೆಲ್ಲ ಹೇಳಿತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರೆ, ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು. (ಗಿರೀಶ ಕಾರ್ನಾಡರ ‘ನಾಗಮಂಡಲ’ದ ದೀಪಗಳು ಇಲ್ಲಿಂದಲೇ ಬಂದವು.)

ಈ ಕಥೆ ನನಗೆ ಮತ್ತೆ ನೆನಪಾದದ್ದು ಹತ್ತು ವರ್ಷದ ಮಗಳು ಶಾಲೆಯಿಂದ ವಂಶವೃಕ್ಷದ ಹಾಳೆ ತಂದಾಗ. ಹಾಳೆಯ ತುಂಬ ಚೌಕಗಳು. ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ ಮೂವರೂ ಅದರಲ್ಲಿ ಬರೀ ‘ಆಂಟಿ’. ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆವು. ಗಂಡಸರ ಹೆಸರುಗಳು ಸಲೀಸಾಗಿ ಬಂದವು. ತನ್ನ ಅಜ್ಜಿಯ ಹೆಸರಿಗೆ ಬಂದಾಗ ಅಮ್ಮ ತಡೆದಳು. “ತವರಿನಲ್ಲಿ ಇಟ್ಟಿದ್ದು ಒಂದು, ಮದುವೆ ದಿನ ಬದಲಾಯಿಸಿದ್ದು ಇನ್ನೊಂದು. ಯಾವ್ದು ಬರ್ಕೋತೀರೋ ಬರ್ಕೊಳ್ಳಿ.” ಮಗಳು ಎರಡನ್ನೂ ಬರೆದಳು. ಅಕ್ಷರಗಳು ಚೌಕದ ಹೊರಗೂ ಬಂದವು.

ಹಾಳೆ ಶಾಲೆಗೆ ಹೋಯಿತು. ನಾವು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆವು. ಭಾನುವಾರ ನಮಗೆ ಬೆಳಿಗ್ಗೆ, ಅಮ್ಮನಿಗೆ ರಾತ್ರಿ. ಆಗ ಒಂದೇ ಒಂದು ಪ್ರಶ್ನೆ. ಮಕ್ಕಳೇ, ‘ನಿಮ್ಮ ಕಾಲದ ಬಗ್ಗೆ ಹೇಳಿ’ ಅಂತ ಅಜ್ಜಿಯನ್ನು ಕೇಳಬೇಡಿ. ಅದಕ್ಕೆ ಯಾರು ತಾನೇ ಏನು ಹೇಳಿಯಾರು? ಮಳೆಗಾಲದಲ್ಲಿ ಸೌದೆ ಎಲ್ಲಿ ಒಣಗಿಸ್ತಿದ್ರಿ, ಮೊದಲ ಸಲ ಬಸ್ಸು ಹತ್ತಿ ಎಲ್ಲಿಗೆ ಹೋದ್ರಿ ಎಂದು ಕೇಳಿ ನೋಡಿ.

ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ನಾನು ಕನ್ನಡದಲ್ಲಿ ಬರೆಯುತ್ತೇನೆ. ಅಕ್ಷರ ಕೂಡಿಸಿ ಓದುವ ಮಗಳು ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ‘ಬಚ್ಚಲೊಲೆ’, ‘ಹಂಡೆ’ ಬಂದಾಗ ಅವಳಿಗೆ ಇಂಗ್ಲಿಷ್ ಸಿಗಲಿಲ್ಲ, ಚಿತ್ರ ಬರೆದಳು. ಉರಿಯ ಮುಂದೆ ಚಳಿ ಕಾಯಿಸುತ್ತ ಕೂತ ಹುಡುಗಿ ಅಜ್ಜಿಯಂತೆ. ಜಡೆ ಮಾತ್ರ ಇವಳದೇ.

ಅಮ್ಮನಿಗೆ ಈಗ 78. ನಿನ್ನೆ ಏನು ಅಡುಗೆ ಮಾಡಿದೆ ಎಂದರೆ ಯೋಚಿಸುತ್ತಾಳೆ. ಹಳೆಯದು ಇನ್ನೂ ಗಟ್ಟಿ ಎಂದುಕೊಂಡಿದ್ದೆವು. ಹೋದ ವಾರ ಆರತಿಯ ಹಾಡೊಂದನ್ನು ಶುರುಮಾಡಿ ಎರಡನೇ ನುಡಿಗೆ ನಿಂತುಬಿಟ್ಟಳು. “ಇರು, ನಿನ್ನ ಚಿಕ್ಕಮ್ಮನ್ನ ಕೇಳಿ ಹೇಳ್ತೀನಿ” ಅಂದಿದ್ದಾಳೆ. ಆ ಪುಟದಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇವೆ.