ದೊಡ್ಡಾಟದ ಅಭಿಮನ್ಯು, ಮಕ್ಕಳ ಅಳತೆಗೆ

ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಯಲ್ಲಿ ನಮ್ಮ ಕೂಟದ ಮಕ್ಕಳು ಕತ್ತಿ ಹಿಡಿದು ಬರುವುದನ್ನು ನೋಡುವುದೇ ಒಂದು ಹಬ್ಬ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಒನಕೆ ಓಬವ್ವ ಪ್ರತಿ ವರ್ಷ ಇರುತ್ತಾರೆ, ಇರಲೇಬೇಕು. ಆದರೆ ಅರ್ಜುನನೋ ಅಭಿಮನ್ಯುವೋ ಬಂದರೆ ಅವನ ಮೈಮೇಲೆ ಟಿವಿ ಧಾರಾವಾಹಿಯ ಉಡುಪು, ತಲೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಕಿರೀಟ. ಹುಬ್ಬಳ್ಳಿ-ಧಾರವಾಡದ ಸುತ್ತಿನ ಹಳ್ಳಿಗಳಿಂದ ಬಂದ ನಮ್ಮಂಥವರಿಗೆ ಅಭಿಮನ್ಯು ಹೀಗಿರುವುದಿಲ್ಲ. ಅವನು ದೊಡ್ಡಾಟದಲ್ಲಿ ಅಟ್ಟ ನಡುಗುವಂತೆ ಕುಣಿದು ಬರುವವನು. ಅವನ ವೇಷವನ್ನು ಇಲ್ಲಿ, ಪರದೇಶದ ನಮ್ಮ ಮನೆಗಳಲ್ಲೇ, ಮಕ್ಕಳ ಅಳತೆಗೆ ಕೈಯಾರೆ ಮಾಡಬಹುದು.

ಹೊರದೇಶಗಳಲ್ಲಿ ಕರಾವಳಿಯ ಯಕ್ಷಗಾನಕ್ಕೆ ಸಿಕ್ಕ ಹೆಸರು ಉತ್ತರ ಕರ್ನಾಟಕದ ದೊಡ್ಡಾಟಕ್ಕೆ ಸಿಕ್ಕಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಹೆಸರೇ ಹೊಸದು. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ಊರ ಬಯಲಿನಲ್ಲಿ ಹಲಗೆಯ ಅಟ್ಟ ಕಟ್ಟಿ ಬೆಳತನಕ ಆಡುವ ಆಟ ಇದು. ಮಹಾಭಾರತ, ರಾಮಾಯಣ, ಪುರಾಣಗಳ ಕಾಳಗದ ಕಥೆಗಳೇ ಹೆಚ್ಚು. ಹಗಲು ಹೊಲದಲ್ಲಿ ದುಡಿದವರೇ ರಾತ್ರಿ ಮಾಸ್ತರರ ಮುಂದೆ ತಾಲೀಮು ಮಾಡಿ ರಾಜರಾಗುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಈ ಆಟವನ್ನು ಮತ್ತೆ ಎತ್ತಿ ನಿಲ್ಲಿಸಲು ಬಹಳ ದುಡಿದರು. 2020ರಲ್ಲಿ ಅವರು ತೀರಿಕೊಂಡರು. ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ಆ ತೋಟ ನೋಡದೆ ಬರಬೇಡಿ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಗೊಟಗೋಡಿಯಲ್ಲೇ ಇದೆ.

ವೇಷ ಮಾಡುವ ಮುನ್ನ ಅದು ಯಾಕೆ ಹಾಗಿದೆ ಎಂದು ತಿಳಿಯಬೇಕು. ಮೊದಲು ಆಟಕ್ಕೆ ಬೆಳಕು ಎಂದರೆ ಪಂಜು, ಆಮೇಲೆ ಗ್ಯಾಸಬತ್ತಿ. ಬಯಲಿನ ತುದಿಯಲ್ಲಿ ಚಕ್ಕಡಿಯ ಮೇಲೆ ಕೂತವನಿಗೂ ಪಾತ್ರ ಕಾಣಬೇಕು. ಅದಕ್ಕೇ ಎತ್ತರದ ಕಿರೀಟ, ಹೆಗಲಿನಿಂದ ಆಚೆ ಚಾಚಿದ ಭುಜಕೀರ್ತಿ, ಎದೆಯ ತುಂಬ ಕಟ್ಟಿದ ಎದೆಹಾರ. ಹಗುರ ಕಟ್ಟಿಗೆಯ ಮೇಲೆ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಕೂರಿಸುತ್ತಾರೆ. ಪಾತ್ರಧಾರಿ ಹೆಜ್ಜೆ ಹಾಕಿದಾಗ ಉರಿಯುವ ಬೆಳಕು ಆ ಚೂರುಗಳಲ್ಲಿ ಒಡೆದು ಹತ್ತು ಕಡೆ ಚಿಮ್ಮುತ್ತದೆ. ಮನುಷ್ಯನ ಗಾತ್ರ ಮೀರಿದ ವೀರನನ್ನು ಕಟ್ಟುವ ಉಪಾಯ ಇದು. ಸುಮ್ಮನೆ ನಿಂತರೆ ಈ ವೇಷ ಅರ್ಧ ಸತ್ತಂತೆ. ಮಕ್ಕಳಿಗೆ ಮಾಡುವಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ತೊಟ್ಟು ಕುಣಿಯಲು ಬರುತ್ತದೆಯೇ?

ಕಟ್ಟಿಗೆಯ ಬದಲು ಫೋಮ್ ಹಾಳೆ ಬಳಸಿ. ಅಕ್ಟೋಬರಿನಲ್ಲಿ ಹ್ಯಾಲೋವೀನ್‌ಗೆಂದು ಇಲ್ಲಿನ ತಂದೆತಾಯಂದಿರು ಮಕ್ಕಳಿಗೆ ಕವಚ ಮಾಡುವುದು ಇದರಲ್ಲೇ, ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಐದಾರು ಮಿಲಿಮೀಟರ್ ದಪ್ಪದ್ದು ಸಾಕು. ಬಿಸಿ ಗಾಳಿ ತಾಗಿಸಿದರೆ ಬಾಗುತ್ತದೆ, ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಭುಜಕೀರ್ತಿಯ ಅಂಚು ಹಿಂದಕ್ಕೆ ತುಸು ಬಾಗಿರಲಿ. ಮೊದಲು ಹಳೆಯ ರಟ್ಟಿನಲ್ಲಿ ಕತ್ತರಿಸಿ ಮಗುವಿನ ಹೆಗಲ ಮೇಲಿಟ್ಟು, ಎರಡೂ ಕೈ ಮೇಲೆತ್ತಿಸಿ ನೋಡಿ. ಕಿವಿಗೆ ತಾಗಿದರೆ ಅಷ್ಟು ಭಾಗ ಕತ್ತರಿಸಬೇಕು. ಇಲ್ಲಿ ಅಂದಕ್ಕೆ ಸೋತರೆ ಮಗು ಬಿಲ್ಲು ಎಳೆಯುವಾಗ ಕುತ್ತಿಗೆ ಓರೆ ಮಾಡಿಕೊಂಡೇ ನಿಲ್ಲುತ್ತದೆ.

ಬೇಗಡೆಗೆ ಚಿನ್ನದ ಬಣ್ಣದ ಕಾಗದ ಆದೀತು. ಅದನ್ನು ಅಂಟಿಸುವ ಮೊದಲು ಬಳ್ಳಿ, ಹೂವಿನ ಎಸಳು ಉಬ್ಬಿ ಕಾಣಬೇಕಾದ ಕಡೆ ದಪ್ಪ ದಾರ ಅಂಟಿಸಿಕೊಂಡರೆ ಕಾಗದದ ಕೆಳಗಿನಿಂದ ಚಿತ್ತಾರ ಎದ್ದು ಬರುತ್ತದೆ. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ತಮ್ಮ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ನಮಗೆ ಮೈದಾ ಅಂಟಾದರೂ ಸಾಕು, ಮಕ್ಕಳು ಕೈಯಿಟ್ಟರೂ ಭಯವಿಲ್ಲ. ಗಾಜಿನ ಕನ್ನಡಿ ಮಾತ್ರ ಬೇಡ. ಕನ್ನಡಿಯಂತೆ ಹೊಳೆಯುವ ಪ್ಲಾಸ್ಟಿಕ್ ಹಾಳೆಯನ್ನು ಚೂರು ಮಾಡಿಕೊಳ್ಳಿ, ಒಂದೊಂದನ್ನೂ ಬೇರೆ ಬೇರೆ ಓರೆಗೆ ಕೂರಿಸಿ. ಎಲ್ಲ ಒಂದೇ ಮಟ್ಟಕ್ಕೆ ಕೂತರೆ ಮಿನುಗುವುದಿಲ್ಲ. ಈ ಕೆಲಸ ಮಗುವೇ ಮಾಡಲಿ. ನನ್ನ ಮಗಳು ಎದೆಹಾರದ ಚೂರುಗಳನ್ನೆಲ್ಲ ತಾನೇ ಅಂಟಿಸಿ, ಕಿಟಕಿಯ ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಬೆಳಕು ಕುಣಿಸಿದಳು. ಪಂಜಿನ ಕಥೆಯನ್ನು ಅವಳಿಗೆ ಮತ್ತೆ ಹೇಳಬೇಕಾಗಲಿಲ್ಲ.

ಕಿರೀಟದ ಎತ್ತರ ಮಗುವಿನ ಮುಖದ ಉದ್ದ ಮೀರದಿರಲಿ. ಬರಿ ತಲೆಯ ಮೇಲೆ ಕಿರೀಟ ನಿಲ್ಲುವುದಿಲ್ಲ. ಮೊದಲು ಮೆತ್ತಗಿನ ಅರಿವೆ ಬಿಗಿಯಾಗಿ ಸುತ್ತಿ ಅದರ ಮೇಲೆ ಕೂರಿಸಿ ಗದ್ದದ ಕೆಳಗೆ ಕಟ್ಟಬೇಕು. ನಡುಪಟ್ಟಿಗೆ ಗುಳೇದಗುಡ್ಡದ ಖಣಕ್ಕಿಂತ ಚೆಂದದ ಬಟ್ಟೆ ನಾನು ಕಂಡಿಲ್ಲ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಕೊಂಡು ತಂದ ತುಂಡು ನಿಮ್ಮ ಟ್ರಂಕಿನಲ್ಲೂ ಇದ್ದೀತು. ಅಜ್ಜಿಯ ಹಳೆಯ ಇಳಕಲ್ ಸೀರೆಯ ಸೆರಗು ಮುಂದಿನ ನಿರಿಗೆಗೆ ಬಂದರೆ ವೇಷಕ್ಕೆ ಬೇರೆಯೇ ಕಳೆ.

ಬಣ್ಣದ ವಿಷಯದಲ್ಲಿ ಮಾತ್ರ ಹಳೆಯ ದಾರಿ ಬಿಡಬೇಕು. ಹಿಂದಿನವರು ಮುಖಕ್ಕೆ ಬಳಿಯುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಊರಿನಿಂದ ಯಾರಾದರೂ ಪ್ರೀತಿಯಿಂದ ಕೊಟ್ಟರೂ ಮಕ್ಕಳ ಚರ್ಮಕ್ಕೆ ತಾಗಿಸಬೇಡಿ. ನೀರಿನಲ್ಲಿ ತೊಳೆದು ಹೋಗುವ, ಮಕ್ಕಳಿಗೆಂದೇ ಮಾಡಿದ ಬಣ್ಣ ತನ್ನಿ. ಹುಬ್ಬು ದಪ್ಪಗಿರಲಿ, ಮೀಸೆ ಕೆನ್ನೆಯವರೆಗೆ ಏರಲಿ. ಹೆಣ್ಣುಮಗುವಿಗೂ ಅಷ್ಟೇ ದೊಡ್ಡ ಮೀಸೆ. ಗಂಡಸರು ಸ್ತ್ರೀಪಾತ್ರ ಹಾಕಿ ತಲೆಮಾರುಗಳ ಕಾಲ ಆಡಿದ ಆಟದಲ್ಲಿ ಹುಡುಗಿಯೊಬ್ಬಳು ಅಭಿಮನ್ಯು ಆಗಲು ಯಾರ ಅಪ್ಪಣೆಯೂ ಬೇಕಿಲ್ಲ.

ವೇಷ ಆಯಿತೆಂದರೆ ತಾಲೀಮು. ದೊಡ್ಡಾಟದ ವೀರ ಸುಮ್ಮನೆ ನಡೆದು ಬರುವುದಿಲ್ಲ. ಪರದೆಯ ಹಿಂದಿನಿಂದ ಕುಣಿದು ಬರುತ್ತಾನೆ, ನೀನಾರೆಂದು ಸಾರಥಿ ಕೇಳುತ್ತಾನೆ, ತನ್ನ ಕುಲ, ಪರಾಕ್ರಮ ಎಲ್ಲವನ್ನೂ ಅವನು ಸಾರಿ ಹೇಳುತ್ತಾನೆ. ಅಪ್ಪನೋ ಅಮ್ಮನೋ ಸಾರಥಿಯಾಗಬಹುದು. ಮಗುವಿಗೆ ನಾಲ್ಕು ಸಾಲು ಗಟ್ಟಿ ಕನ್ನಡ ಸಾಕು, ಆದರೆ ಅದು ಹಿಂದಿನ ಸಾಲಿಗೆ ಮುಟ್ಟಬೇಕು. ಇಲ್ಲಿನ ಶಾಲೆಗಳ ಸಭಾಂಗಣದಲ್ಲಿ ನೆಲ ಹೆಜ್ಜೆಯ ಸದ್ದನ್ನು ನುಂಗಿಬಿಡುತ್ತದೆ. ಒಂದು ದೊಡ್ಡ ಪ್ಲೈವುಡ್ ಹಲಗೆಯನ್ನು ನಾಲ್ಕು ಪಟ್ಟಿಗಳ ಮೇಲೆ ಬಿಗಿಯಾಗಿ ಕೂರಿಸಿದರೆ ಅಟ್ಟದ ದನಿ ಬರುತ್ತದೆ, ಗೆಜ್ಜೆಯೂ ಕೇಳುತ್ತದೆ.

ಕೊನೆಗೆ ಒಂದು ಕಿವಿಮಾತು. ಯಾವುದನ್ನೂ ಹೊಲಿದು ಮುಚ್ಚಬೇಡಿ, ಎಲ್ಲಕ್ಕೂ ಉದ್ದನೆಯ ಲಾಡಿ ಇಡಿ. ಊರ ಕಡೆ ಆಟದ ಡ್ರೆಸ್ ಬಾಡಿಗೆಗೆ ಊರಿಂದೂರಿಗೆ ಹೋಗುತ್ತದೆ, ಇಂದು ಒಬ್ಬ ತೊಟ್ಟದ್ದು ನಾಳೆ ಇನ್ನೊಬ್ಬನ ಮೈಗೆ ಹೊಂದಬೇಕು. ನಮ್ಮ ಕೂಟದಲ್ಲೂ ಹಾಗೇ ಆಗಲಿ. ನನ್ನ ಮಗಳ ಭುಜಕೀರ್ತಿಯ ರಟ್ಟಿನ ಮಾದರಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಬರುವ ರಾಜ್ಯೋತ್ಸವಕ್ಕೆ ಬಬ್ರುವಾಹನನನ್ನೋ ಕರ್ಣನನ್ನೋ ಕಟ್ಟಬೇಕೆನ್ನುವವರು ದಸರೆಗೆ ಮೊದಲೇ ಬಂದು ಒಯ್ಯಿರಿ, ಅಂಟು ಒಣಗಲು ಸಮಯ ಬೇಕು.