ನಿರ್ವಹಣಾ ಮಾಹಿತಿ ವ್ಯವಸ್ಥೆ

ನಿರ್ವಹಣಾ ಮಾಹಿತಿ ವ್ಯವಸ್ಥೆ ಎಂದರೆ ಉದ್ಯಮವೊಂದರ ದಿನನಿತ್ಯದ ವಹಿವಾಟಿನಿಂದ ದತ್ತಾಂಶವನ್ನು ಸಂಗ್ರಹಿಸಿ, ಸಂಸ್ಕರಿಸಿ, ನಿರ್ಧಾರ ಕೈಗೊಳ್ಳಬೇಕಾದವರಿಗೆ ಸಕಾಲದಲ್ಲಿ ಒದಗಿಸುವ ಏರ್ಪಾಡು. ಯಂತ್ರಾಂಶ, ತಂತ್ರಾಂಶ, ದತ್ತಾಂಶ, ಕಾರ್ಯವಿಧಾನ ಮತ್ತು ಜನ ಎಂಬ ಐದು ಅಂಗಗಳನ್ನು ಇದರಲ್ಲಿ ಗುರುತಿಸುವುದು ವಾಡಿಕೆ. ಇವುಗಳಲ್ಲಿ ಮೊದಲಿನ ಎರಡು ಇಲ್ಲದೆಯೂ ವ್ಯವಸ್ಥೆ ನಡೆಯಬಲ್ಲದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಒಂದು ಮಾಹಿತಿ ವ್ಯವಸ್ಥೆಯೇ. ಕೊನೆಯ ಎರಡನ್ನು ಕಡೆಗಣಿಸಿದರೆ ಎಂತಹ ಗಣಕಯಂತ್ರವಿದ್ದರೂ ವ್ಯವಸ್ಥೆ ಕೆಡುತ್ತದೆ.

ದತ್ತಾಂಶ ಮತ್ತು ಮಾಹಿತಿ

ಈ ಎರಡು ಪದಗಳನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ನಿರ್ವಹಣಾ ಶಾಸ್ತ್ರದಲ್ಲಿ ಅವು ಬೇರೆ ಬೇರೆ. ಬೇಕರಿಯೊಂದರಲ್ಲಿ ಇಂದು 480 ಬನ್ನುಗಳು ಮಾರಾಟವಾದವು ಎಂಬುದು ದತ್ತಾಂಶ. ಬೇಯಿಸಿದ್ದು 600, ಉಳಿದದ್ದು 120, ಪ್ರತಿ ಮಂಗಳವಾರವೂ ಹೀಗೆಯೇ ಉಳಿಯುತ್ತಿದೆ ಎಂದು ತಿಳಿದುಬಂದರೆ ಅದು ಮಾಹಿತಿ. ಏಕೆಂದರೆ ಮುಂದಿನ ಮಂಗಳವಾರ ಎಷ್ಟು ಬೇಯಿಸಬೇಕೆಂಬುದನ್ನು ಅದು ನಿರ್ಧರಿಸಬಲ್ಲದು. ಅದೇ ವಿಷಯ ಬುಧವಾರ ತಿಳಿದರೆ ಹೆಚ್ಚು ಪ್ರಯೋಜನವಿಲ್ಲ.

ಆದಾನ, ಸಂಸ್ಕರಣೆ, ಪ್ರದಾನ, ಹಿಮ್ಮಾಹಿತಿ ಎಂಬುವು ವ್ಯವಸ್ಥೆಯ ನಾಲ್ಕು ಹಂತಗಳು. ಕೆಳಸ್ತರದ ಸಿಬ್ಬಂದಿಗೆ ಪ್ರತಿಯೊಂದು ವಹಿವಾಟಿನ ವಿವರ ಬೇಕು, ಮಧ್ಯಮ ಸ್ತರದವರಿಗೆ ವಾರದ ಅಥವಾ ತಿಂಗಳ ಸಾರಾಂಶ ಸಾಕು, ಮೇಲಿನವರು ವರ್ಷಗಳ ಒಲವನ್ನು ನೋಡುತ್ತಾರೆ. ಇದಕ್ಕೆ ಅನುಗುಣವಾಗಿ ವಹಿವಾಟು ಸಂಸ್ಕರಣಾ ವ್ಯವಸ್ಥೆ, ನಿರ್ಧಾರ ಬೆಂಬಲ ವ್ಯವಸ್ಥೆ ಮೊದಲಾದ ವಿಭಾಗಗಳನ್ನು ಪಠ್ಯಪುಸ್ತಕಗಳು ಮಾಡುತ್ತವೆ. ವಾಸ್ತವದಲ್ಲಿ ಇವೆಲ್ಲಕ್ಕೂ ಮೂಲ ಒಂದೇ ದತ್ತಾಂಶವಾಗಿರುತ್ತದೆ.

ಲಯನ್ಸ್ ಸಂಸ್ಥೆ ಮತ್ತು ಲಿಯೋ ಗಣಕಯಂತ್ರ

ವಾಣಿಜ್ಯ ಕಾರ್ಯಕ್ಕೆ ಗಣಕಯಂತ್ರವನ್ನು ಮೊಟ್ಟಮೊದಲು ಬಳಸಿದ್ದು ಯಂತ್ರ ತಯಾರಿಸುವ ಕಂಪನಿಯಲ್ಲ, ಚಹಾ ಮತ್ತು ಕೇಕು ಮಾರುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಅಂಡ್ ಕಂಪನಿ ಎಂಬುದು ಗಮನಾರ್ಹ. 1894ರಲ್ಲಿ ಪಿಕಾಡಿಲಿಯಲ್ಲಿ ಮೊದಲ ಚಹಾ ಅಂಗಡಿಯನ್ನು ತೆರೆದ ಈ ಸಂಸ್ಥೆ ಮುಂದೆ ಅಂತಹ ಅಂಗಡಿಗಳ ದೊಡ್ಡ ಜಾಲವನ್ನೇ ಬೆಳೆಸಿತು. ಪ್ರತಿಯೊಂದು ಮಾರಾಟದ ಮೊತ್ತವೂ ಲಾಭವೂ ಅತ್ಯಲ್ಪ. ಆದರೆ ಅದನ್ನು ಬರೆದು, ಕೂಡಿ, ತಾಳೆ ನೋಡಲು ಗುಮಾಸ್ತರ ಪಡೆಯೇ ಬೇಕಾಗುತ್ತಿತ್ತು. ಹೀಗಾಗಿ ಲೆಕ್ಕ ಬರೆಯುವ ಖರ್ಚು ಇಲ್ಲಿ ಸಣ್ಣ ವಿಷಯವಾಗಿರಲಿಲ್ಲ.

ಗಣಿತಜ್ಞರಾದ ಜಾನ್ ಸಿಮನ್ಸ್ 1923ರಲ್ಲಿ ಸಂಸ್ಥೆಯನ್ನು ಸೇರಿದರು. ಕಚೇರಿಯ ಕೆಲಸಗಳನ್ನೇ ಅಧ್ಯಯನ ಮಾಡುವ ವಿಭಾಗವೊಂದು 1932ರಲ್ಲಿ ಅಲ್ಲಿ ಆರಂಭವಾಯಿತು. ಈ ಕಾಗದ ಯಾರಿಗಾಗಿ, ಇದನ್ನು ಓದಿ ಅವರು ಏನು ಮಾಡುತ್ತಾರೆ ಎಂದು ಪ್ರತಿಯೊಂದು ನಮೂನೆಯ ಬಗ್ಗೆಯೂ ವಿಚಾರಿಸುವುದು ಈ ಬಗೆಯ ಅಧ್ಯಯನದ ತಿರುಳು. ಗಣಕಯಂತ್ರ ಬರುವುದಕ್ಕೆ ಸುಮಾರು ಎರಡು ದಶಕಗಳ ಮೊದಲೇ ಈ ಕೆಲಸ ನಡೆದಿತ್ತೆಂಬುದನ್ನು ನೆನಪಿಡಬೇಕು. ಲಯನ್ಸ್‌ನ ಯಶಸ್ಸಿನ ಬೇರು ಇಲ್ಲಿಯೇ ಇದೆ.

1947ರಲ್ಲಿ ಸಂಸ್ಥೆಯ ಆಲಿವರ್ ಸ್ಟ್ಯಾಂಡಿಂಗ್‌ಫೋರ್ಡ್ ಮತ್ತು ರೇಮಂಡ್ ಥಾಂಪ್ಸನ್ ಅವರು ಹೊಸ ಕಚೇರಿ ವಿಧಾನಗಳನ್ನು ನೋಡಿಬರಲು ಅಮೆರಿಕಕ್ಕೆ ಹೋದರು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರು ಎಡ್ಸಾಕ್ ಎಂಬ ಗಣಕಯಂತ್ರವನ್ನು ಕಟ್ಟುತ್ತಿರುವ ಸಂಗತಿ ಅವರಿಗೆ ತಿಳಿದದ್ದು ಅಲ್ಲಿ, ಹರ್ಮನ್ ಗೋಲ್ಡ್‌ಸ್ಟೈನ್ ಅವರಿಂದ. ತಮ್ಮೂರಿನ ಪಕ್ಕದ ಸುದ್ದಿಯನ್ನು ಸಾಗರ ದಾಟಿ ಕೇಳಿಬಂದಂತಾಯಿತು. ಲಯನ್ಸ್ ಆ ಯೋಜನೆಗೆ 3,000 ಪೌಂಡುಗಳ ನೆರವು ನೀಡಿತು. 1949ರಲ್ಲಿ ಎಡ್ಸಾಕ್ ಕೆಲಸ ಆರಂಭಿಸಿದ ಮೇಲೆ ಅದರ ಮಾದರಿಯಲ್ಲಿಯೇ ತನ್ನ ಯಂತ್ರವನ್ನು ಕಟ್ಟಿಸಿತು. ಜಾನ್ ಪಿಂಕರ್ಟನ್ ಅದರ ಎಂಜಿನಿಯರ್. ಲಯನ್ಸ್ ಇಲೆಕ್ಟ್ರಾನಿಕ್ ಆಫೀಸ್ ಎಂಬ ಹೆಸರಿನ ಮೊದಲ ಅಕ್ಷರಗಳಿಂದ ಅದು 'ಲಿಯೋ' ಎನಿಸಿಕೊಂಡಿತು.

1951ರ ನವೆಂಬರಿನಲ್ಲಿ ಬೇಕರಿ ಉತ್ಪನ್ನಗಳ ಮೌಲ್ಯ ಲೆಕ್ಕಹಾಕುವ ಕೆಲಸವನ್ನು ಲಿಯೋ ಪೂರ್ಣವಾಗಿ ವಹಿಸಿಕೊಂಡಿತು. ಸಂಬಳದ ಲೆಕ್ಕವನ್ನು ಮಾತ್ರ ಆಡಳಿತವರ್ಗ ಅವಸರದಿಂದ ಅದಕ್ಕೆ ಒಪ್ಪಿಸಲಿಲ್ಲ. ಯಂತ್ರ ಕೆಟ್ಟರೆ ನೌಕರರ ಸಂಬಳವೇ ನಿಲ್ಲುತ್ತದೆ ಎಂಬ ಅರಿವಿನಿಂದ, ಗುಮಾಸ್ತರ ಲೆಕ್ಕದೊಡನೆ ಹೋಲಿಸಿ ನೋಡಿ, 1954ರಲ್ಲಷ್ಟೇ ಆ ಕೆಲಸವನ್ನು ಅದರ ವಶಕ್ಕೆ ಕೊಡಲಾಯಿತು. ಅನುಭವಿ ಗುಮಾಸ್ತನಿಗೆ ಒಬ್ಬ ನೌಕರನ ಸಂಬಳ ಲೆಕ್ಕಹಾಕಲು ಎಂಟು ನಿಮಿಷ ಹಿಡಿಯುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗುತ್ತಿತ್ತು.

ಚಹಾ ಅಂಗಡಿಗಳ ಬೇಡಿಕೆಯ ವ್ಯವಸ್ಥೆ ಇನ್ನೂ ಮುಖ್ಯವಾದುದು. ಇದರ ವಿನ್ಯಾಸದ ಹಿಂದಿದ್ದವರು ಡೇವಿಡ್ ಕ್ಯಾಮಿನರ್. ವಾರದ ಪ್ರತಿಯೊಂದು ದಿನಕ್ಕೂ ಪ್ರತಿ ಅಂಗಡಿಯ ವಾಡಿಕೆಯ ಬೇಡಿಕೆ ಎಷ್ಟೆಂಬುದು ಯಂತ್ರದ ದಾಖಲೆಯಲ್ಲಿ ಮೊದಲೇ ಇರುತ್ತಿತ್ತು. ಅಂಗಡಿಯ ವ್ಯವಸ್ಥಾಪಕಿ ಮಧ್ಯಾಹ್ನ ದೂರವಾಣಿಯಲ್ಲಿ ಬದಲಾವಣೆಗಳನ್ನು ಮಾತ್ರ ತಿಳಿಸಿದರೆ ಸಾಕು. ಕೇಳಿಸಿಕೊಂಡವರು ಅದನ್ನು ಪಂಚ್ ಕಾರ್ಡಿಗೆ ಇಳಿಸುತ್ತಿದ್ದರು. ಆ ಒಂದೇ ದತ್ತಾಂಶದಿಂದ ರಾತ್ರಿ ಎಷ್ಟು ಬೇಯಿಸಬೇಕು, ಯಾವ ಅಂಗಡಿಗೆ ಏನನ್ನು ಜೋಡಿಸಿ ಕಳುಹಿಸಬೇಕು, ಬೆಲೆಪಟ್ಟಿ ಎಷ್ಟು ಎಂಬುದರಿಂದ ಹಿಡಿದು ಆಡಳಿತವರ್ಗದ ವರದಿಯವರೆಗೆ ಎಲ್ಲವೂ ಹೊರಬರುತ್ತಿತ್ತು. ವಾಡಿಕೆಯನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ವರದಿ ಮಾಡುವ ಈ ತತ್ತ್ವ ಇಂದಿಗೂ ನಿರ್ವಹಣಾ ವರದಿಗಳ ಆಧಾರ. ಮಳೆ ಬರುವಂತಿದೆ, ನಾಳೆ ಗಿರಾಕಿಗಳು ಕಡಿಮೆ ಎಂಬ ತಿಳಿವಳಿಕೆ ಯಂತ್ರಕ್ಕಿರಲಿಲ್ಲ. ಅಂಗಡಿಯಲ್ಲಿ ನಿಂತವಳಿಗೆ ಇತ್ತು. ಅವಳ ಮಾತಿಗೆ ವ್ಯವಸ್ಥೆಯಲ್ಲಿ ಸ್ಥಾನವಿತ್ತು.

ಹೊರೈಜ಼ನ್ ಪ್ರಕರಣ

ಲಿಯೋದ ವಂಶ ಮುಂದುವರಿದ ಬಗೆ ಖೇದಕರವಾದುದು. ಗಣಕಯಂತ್ರ ಮಾರಾಟಕ್ಕೆಂದು ಲಯನ್ಸ್ 1954ರಲ್ಲಿ ಸ್ಥಾಪಿಸಿದ ಕಂಪನಿ ಹಲವು ವಿಲೀನಗಳ ನಂತರ 1968ರಲ್ಲಿ ಐಸಿಎಲ್ ಎಂಬ ಸಂಸ್ಥೆಯ ಭಾಗವಾಯಿತು. 1990ರಲ್ಲಿ ಅದರ ಬಹುಪಾಲು ಷೇರುಗಳನ್ನು ಜಪಾನಿನ ಫುಜಿತ್ಸು ಕೊಂಡಿತು. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ 1999ರಿಂದ ಜಾರಿಗೆ ಬಂದ ಹೊರೈಜ಼ನ್ ಎಂಬ ಲೆಕ್ಕಪತ್ರ ವ್ಯವಸ್ಥೆಯನ್ನು ರೂಪಿಸಿದ್ದು ಐಸಿಎಲ್‌ನ ಅಂಗಸಂಸ್ಥೆಯೇ.

ಈ ವ್ಯವಸ್ಥೆ ಅನೇಕ ಶಾಖೆಗಳಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಕೊರತೆಯನ್ನು ಶಾಖೆ ನಡೆಸುವವರು ತುಂಬಿಕೊಡಬೇಕೆಂದು ಅಂಚೆ ಸಂಸ್ಥೆ ಒತ್ತಾಯಿಸಿತು. ವ್ಯತ್ಯಾಸದ ಮೂಲವನ್ನು ತಾವೇ ಹುಡುಕಲು ಬೇಕಾದಷ್ಟು ವರದಿಗಳು ಅವರಿಗೆ ದೊರೆಯುತ್ತಿರಲಿಲ್ಲ. ಇಲ್ಲಿ ಹಿಮ್ಮಾಹಿತಿಯ ಹಾದಿಯೇ ಮುಚ್ಚಿತ್ತು. ಗಣಕಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಫಿರ್ಯಾದುದಾರರು ರುಜುವಾತು ಮಾಡಬೇಕೆಂಬ ಹಳೆಯ ನಿಯಮ 1999ರ ಕಾಯಿದೆಯೊಂದರಿಂದ ರದ್ದಾಗಿದ್ದರಿಂದ, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ ಯಂತ್ರವೇ ಸರಿ ಎಂದು ನ್ಯಾಯಾಲಯಗಳು ಭಾವಿಸುವಂತಾಯಿತು. ಆ ಸಾಕ್ಷ್ಯವೋ, ಆರೋಪಿಗಳ ಕೈಗೆ ಎಟುಕುತ್ತಿರಲಿಲ್ಲ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳವು, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗಾಗಿ ಶಿಕ್ಷಿತರಾದರು. ಕೆಲವರು ಜೈಲಿಗೂ ಹೋದರು.

ಅಲನ್ ಬೇಟ್ಸ್ ಅವರ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ಮೊಕದ್ದಮೆಯಲ್ಲಿ, ಶಾಖೆಗಳ ಲೆಕ್ಕದಲ್ಲಿ ವ್ಯತ್ಯಾಸ ಉಂಟುಮಾಡುವ ದೋಷಗಳು ಹೊರೈಜ಼ನ್‌ನಲ್ಲಿ ಇದ್ದವೆಂದೂ, ಶಾಖೆಯವರಿಗೆ ತಿಳಿಯದಂತೆ ಅವರ ದತ್ತಾಂಶವನ್ನು ದೂರದಿಂದಲೇ ಬದಲಿಸಲು ಸಾಧ್ಯವಿತ್ತೆಂದೂ 2019ರ ಡಿಸೆಂಬರಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯ ತೀರ್ಪು ನೀಡಿತು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ವಿಶೇಷ ಕಾಯಿದೆಯನ್ನು ಮಾಡಿ, ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಈ ಬಗೆಯ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಿತು.