ದನಿ ಏರಿಸದವರ ಕಸುಬು

ಹರಪನಹಳ್ಳಿಯನ್ನು ‘ಅರಪನಳ್ಳಿ’ ಎಂದು ಓದಿದರೆ ಆ ಊರಿನವರು ಸುಮ್ಮನಿರುವುದಿಲ್ಲ. ಕೆಆರ್‌ಎಸ್ ಜಲಾಶಯದ ಪೂರ್ಣಮಟ್ಟ 124.80 ಅಡಿ ಎನ್ನುವುದು ಮಂಡ್ಯದ ರೈತರಿಗೆ ಬಾಯಿಪಾಠ. ಅಲ್ಲಿ ಒಂದಂಕಿ ಜಾರಿದರೂ ತಕ್ಷಣ ಗೊತ್ತಾಗುತ್ತದೆ. ಟಿವಿ ವಾರ್ತಾ ನಿರೂಪಕರ ಕಸುಬು ಶುರುವಾಗುವುದೇ ಇಲ್ಲಿಂದ. ಮೇಕಪ್ಪು, ಕೋಟು, ಸೀರೆ ಎಲ್ಲ ಆಮೇಲಿನ ಮಾತು.

ದೆಹಲಿಯಲ್ಲಿ ಟಿವಿ ಪ್ರಸಾರ ಆರಂಭವಾದದ್ದು 1959ರಲ್ಲಿ, ದಿನವಹಿ ವಾರ್ತೆ ಬಂದದ್ದು 1965ರಲ್ಲಿ. ಮೊದಲ ವಾರ್ತಾವಾಚಕಿ ಪ್ರತಿಮಾ ಪುರಿ. ಅವರ ನಂತರ ಬಂದ ಸಲ್ಮಾ ಸುಲ್ತಾನ್ ಅವರನ್ನು ಜನ ಇಂದಿಗೂ ನೆನೆಯುವುದು ಕಿವಿಯ ಬಳಿ ಮುಡಿಯುತ್ತಿದ್ದ ಗುಲಾಬಿಯಿಂದ. ನನಗೆ ಅದಕ್ಕಿಂತ ದೊಡ್ಡದು 1984ರ ಅಕ್ಟೋಬರ್ 31ರ ಸಂಜೆ. ಇಂದಿರಾ ಗಾಂಧಿಯವರ ಮೇಲೆ ಗುಂಡಿನ ದಾಳಿ ನಡೆದದ್ದು ಬೆಳಿಗ್ಗೆ. ವಿದೇಶಿ ರೇಡಿಯೊ ಹಗಲಲ್ಲೇ ಹೇಳಿದ್ದ ಸಾವಿನ ಸುದ್ದಿಯನ್ನು ದೂರದರ್ಶನದಲ್ಲಿ ಓದುವ ಹೊಣೆ ಸಂಜೆ ಸಲ್ಮಾ ಅವರ ಪಾಲಿಗೆ ಬಂತು. ಅಂಥ ಸುದ್ದಿಯನ್ನು ಅಳದೆ, ಅಬ್ಬರಿಸದೆ ಹೇಳುವ ಎದೆಗಾರಿಕೆ ಯಾವ ತರಬೇತಿಯಲ್ಲೂ ಸಿಗದು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಧ್ವನಿಪರೀಕ್ಷೆಯಲ್ಲಿ ಪಾಸಾಗಿ, ಓದಿದ ವಾರ್ತೆಗಷ್ಟೇ ಸಂಭಾವನೆ ಪಡೆಯುವ ಅರೆಕಾಲಿಕ ವಾಚಕರ ಪದ್ಧತಿ ದೂರದರ್ಶನದ್ದು. ಖಾಸಗಿ ಸುದ್ದಿವಾಹಿನಿಗಳು ಬಂದ ಮೇಲೆ ಇದೇ ಪೂರ್ಣಾವಧಿ ಉದ್ಯೋಗವಾಯಿತು.

ಸ್ಟುಡಿಯೊದಲ್ಲಿ ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು. ಕೆಳಗಿನ ಪರದೆಯಲ್ಲಿ ಉಲ್ಟಾ ಮೂಡುವ ಅಕ್ಷರಗಳು ಗಾಜಿನಲ್ಲಿ ನೇರವಾಗಿ ಕಾಣುತ್ತವೆ, ಲೆನ್ಸಿಗೆ ಮಾತ್ರ ಕಾಣುವುದಿಲ್ಲ. ಇದೇ ಪ್ರಾಂಪ್ಟರ್. ಕಣ್ಣು ಅಲ್ಲಿರುವಾಗಲೇ ಇಯರ್‌ಪೀಸಿನಲ್ಲಿ ಪ್ರೊಡ್ಯೂಸರ್ ದನಿ: ‘ಬೈಟ್ ಬಂದಿಲ್ಲ, ಇನ್ನೊಂಚೂರು ಎಳೀರಿ’, ‘ಹತ್ತು ಸೆಕೆಂಡ್, ಬ್ರೇಕ್’. ಬಾಯಿ ಒಂದನ್ನು ಹೇಳುತ್ತಿರಬೇಕು, ಕಿವಿ ಇನ್ನೊಂದನ್ನು ಕೇಳುತ್ತಿರಬೇಕು, ಮುಖದಲ್ಲಿ ಅದರ ಸುಳಿವೂ ಇರಬಾರದು. ಇದು ರೂಢಿಯಾಗಲು ಕಾಲ ಹಿಡಿಯುತ್ತದೆ. ಡೆಸ್ಕಿನಲ್ಲಿ ಸ್ಕ್ರಿಪ್ಟ್ ಬರೆದು, ವಾಯ್ಸ್ ಓವರ್ ಕೊಟ್ಟು, ನಸುಕಿನ ಬುಲೆಟಿನ್ ಓದಿ ಪಳಗಿದವರು ರಾತ್ರಿ ಒಂಬತ್ತರ ಕುರ್ಚಿಯಲ್ಲಿ ತಡವರಿಸುವುದು ಕಡಿಮೆ.

2017ರ ಏಪ್ರಿಲ್‌ನಲ್ಲಿ ಛತ್ತೀಸಗಡದ ಸುದ್ದಿವಾಹಿನಿಯೊಂದರ ನಿರೂಪಕಿ ಅಪಘಾತದ ಬ್ರೇಕಿಂಗ್ ನ್ಯೂಸ್ ಓದುತ್ತಿದ್ದರು. ವರದಿಗಾರ ಫೋನಿನಲ್ಲಿ ವಿವರ ಕೊಡುತ್ತ ಹೋದಂತೆ, ಸತ್ತವರಲ್ಲಿ ತನ್ನ ಗಂಡನೂ ಇರಬೇಕೆಂದು ಅವರಿಗೆ ಹೊಳೆಯಿತು. ಬುಲೆಟಿನ್ ಮುಗಿಸಿಯೇ ಎದ್ದರು. ದೇಶವೆಲ್ಲ ಅವರ ಧೈರ್ಯವನ್ನು ಕೊಂಡಾಡಿತು. ಯಾವ ಕಸುಬೂ ಮನುಷ್ಯರಿಂದ ಅಷ್ಟನ್ನು ಕೇಳಬಾರದು ಎಂದೇ ನನಗನಿಸುತ್ತದೆ.

ಈಗ ಚರ್ಚೆ ನಡೆಸುವುದೂ ನಿರೂಪಕರ ಕೆಲಸ. ದನಿ ಏರಿಸಿದವರಿಗೆ ಬೇಗ ಹೆಸರು ಬರುತ್ತದೆ. ಆದರೆ ‘ಇದು ಇನ್ನೂ ಖಚಿತವಾಗಿಲ್ಲ’ ಎಂದು ಲೈವ್‌ನಲ್ಲೇ ಹೇಳಬಲ್ಲವರ ಮೇಲೆ ನನಗೆ ಗೌರವ ಹೆಚ್ಚು. 2023ರ ಜುಲೈನಲ್ಲಿ ಕನ್ನಡದ ಪವರ್ ಟಿವಿ ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ಪರದೆಗೆ ತಂದಿತು. ಬರೆದುಕೊಟ್ಟದ್ದನ್ನು ಯಂತ್ರವೂ ಓದೀತು. ಘಟನಾ ಸ್ಥಳದಲ್ಲಿ ಏದುಸಿರು ಬಿಡುತ್ತಿರುವ ವರದಿಗಾರನಿಗೆ ‘ನೀವೇ ನೋಡಿದ್ರಾ, ಯಾರಾದ್ರೂ ಹೇಳಿದ್ರಾ?’ ಎಂದು ಕೇಳುವುದಕ್ಕೆ ಪಳಗಿದ ನಿರೂಪಕರೇ ಬೇಕು.